ಬೀಡಿನ ಬಿರುಕಿಗೆ ಬೆಸುಗೆ: ವೆಲ್ಡಿಂಗ್ ಅಂಗಡಿಗೆ ಹೋಗುವ ಮುನ್ನ ತಿಳಿದಿರಬೇಕಾದ ವಿಷಯಗಳು



ಹೈನುಗಾರಿಕೆ ಎಂದೊಡನೆ ರಾಸು, ಮೇವು, ಹಿಂಡಿ, ಔಷಧಿ ಇವುಗಳ ವಿಚಾರವೇ ಮೊದಲು ಬರುತ್ತದೆ. ಆದರೆ ಮೇವು ಕತ್ತರಿಸುವ ಯಂತ್ರ ಒಂದು ದಿನ ನಿಂತರೆ ಮನೆಮಂದಿಯೆಲ್ಲ ಕುಡುಗೋಲು ಹಿಡಿದು ಕೂರಬೇಕಾಗುತ್ತದೆ. ಪಂಪು ನಿಂತರೆ ನೇಪಿಯರ್ ಹುಲ್ಲು ಒಣಗುತ್ತದೆ. ಇಂತಹ ಯಂತ್ರಗಳ ಮುಖ್ಯ ಭಾಗಗಳನ್ನು ಗಮನಿಸಿರಿ. ಮೇವಿನ ಯಂತ್ರದ ದೊಡ್ಡ ಚಕ್ರ, ಹಲ್ಲಿನ ಚಕ್ರಗಳು, ಪಂಪಿನ ಮೈ, ಡೀಸೆಲ್ ಎಂಜಿನ್ನಿನ ಬ್ಲಾಕು ಮತ್ತು ಹೆಡ್ಡು, ಹಾಲು ಕರೆಯುವ ಯಂತ್ರದ ನಿರ್ವಾತ ಪಂಪು, ಕಬ್ಬಿನ ಗಾಣ ಇವೆಲ್ಲ ಬಹುಮಟ್ಟಿಗೆ ಎರಕ ಹೊಯ್ದ ಕಬ್ಬಿಣದಿಂದ, ಅಂದರೆ ಬೀಡಿನಿಂದ ಆದವು.

ಬೀಡಿನ ಭಾಗ ಬಿರುಕು ಬಿಟ್ಟಾಗ ನಾವು ಮಾಡುವುದೇನು? ಹತ್ತಿರದ ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತೇವೆ. ಕಿಟಕಿ ಸರಳಿಗೆ, ನೇಗಿಲಿಗೆ ಬಳಸುವ ಕಡ್ಡಿಯಿಂದಲೇ ಅಲ್ಲಿ ಬೆಸುಗೆ ಆಗುತ್ತದೆ. ಸಂಜೆಗೆ ತಂದು ಜೋಡಿಸುತ್ತೇವೆ. ಎರಡು ದಿನ ಓಡಿದ ಮೇಲೆ ಬೆಸುಗೆಯ ಗೆರೆ ಹಾಗೆಯೇ ಇರುತ್ತದೆ. ಅದರ ಪಕ್ಕದಲ್ಲಿಯೇ, ಕೂದಲೆಳೆಯಷ್ಟು ದೂರದಲ್ಲಿ, ಹೊಸ ಬಿರುಕು ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಅಂಗಡಿಯಿಂದ ಹೊರಡುವ ಮುನ್ನವೇ 'ಟಣ್' ಎಂಬ ಸದ್ದು ಕೇಳಿಬರುತ್ತದೆ. ಕಡ್ಡಿ ಕಳಪೆ, ಕೆಲಸದವನಿಗೆ ಕೈ ಕುದುರಿಲ್ಲ ಎಂದು ಬೈಯುತ್ತೇವೆ. ಕಡ್ಡಿಯ ಪಾತ್ರವೂ ಇದೆ, ಇಲ್ಲವೆಂದಲ್ಲ. ಆದರೆ ಹೆಚ್ಚಿನ ತಪ್ಪು ಭಾಗವನ್ನು ಕಾಯಿಸಿದ ಮತ್ತು ತಣಿಸಿದ ರೀತಿಯಲ್ಲಿರುತ್ತದೆ. ಅದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಏನು ಕೇಳಬೇಕು, ಯಾವ ಭಾಗಕ್ಕೆ ಬೆಸುಗೆ ಬೇಡವೇ ಬೇಡ ಎನ್ನಬೇಕು ಎಂಬುದನ್ನು ನೀವೇ ನಿರ್ಧರಿಸಬಹುದು.

ಬೀಡಿನ ಗುಣ

ಸಾಮಾನ್ಯ ಉಕ್ಕಿನಲ್ಲಿ ಇಂಗಾಲದ ಅಂಶ ಶೇಕಡಾ 0.25ಕ್ಕಿಂತ ಕಡಿಮೆ. ಬೀಡಿನಲ್ಲಿ ಅದು ಶೇಕಡಾ 2.5ರಿಂದ 4ರವರೆಗೆ ಇರುತ್ತದೆ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಆರಂಭವಾದಾಗ ಮೊದಲು ಹೊರಬಂದದ್ದು ಈ ಜಾತಿಯ ಕಬ್ಬಿಣವೇ; ಉಕ್ಕು ಬಂದದ್ದು ಆಮೇಲೆ. ಬೀಡು ಸುಮಾರು 1200 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೇ ಕರಗಿ ನೀರಿನಂತೆ ಹರಿಯುವುದರಿಂದ ಬೇಕಾದ ಆಕಾರಕ್ಕೆ ಹೊಯ್ಯುವುದು ಸುಲಭ, ಖರ್ಚೂ ಕಡಿಮೆ.

ಹೆಚ್ಚಿನ ಇಂಗಾಲವು ಬೀಡಿನೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಚಕ್ಕೆಗಳಾಗಿ ಹರಡಿಕೊಂಡಿರುತ್ತದೆ. ಪೆನ್ಸಿಲ್ಲಿನ ಒಳಗಿರುವ ಕಪ್ಪು ವಸ್ತುವೂ ಇದೇ. ಈ ಚಕ್ಕೆಗಳು ಲೋಹದೊಳಗೆ ಸಾವಿರಾರು ಪುಟ್ಟ ಸೀಳುಗಳಿದ್ದಂತೆ. ಆದ್ದರಿಂದ ಬೀಡು ಭಾರ ಹೊರುವುದರಲ್ಲಿ ಗಟ್ಟಿ, ಎಳೆತಕ್ಕೆ ಮತ್ತು ಪೆಟ್ಟಿಗೆ ದುರ್ಬಲ. ಉಕ್ಕಿನ ಸರಳನ್ನು ಎಳೆದರೆ ತುಂಡಾಗುವ ಮೊದಲು ನೂರಕ್ಕೆ ಇಪ್ಪತ್ತು ಪಾಲಿನಷ್ಟು ಹಿಗ್ಗಬಲ್ಲದು. ಬೀಡು ನೂರಕ್ಕೆ ಒಂದು ಪಾಲೂ ಹಿಗ್ಗದೆ ಮುರಿಯುತ್ತದೆ.

ಈಗ ಬೆಸುಗೆಯ ಸಮಯದಲ್ಲಿ ಆಗುವುದನ್ನು ನೋಡೋಣ. ಒಂದು ಅಡಿ ಉದ್ದದ ಬೀಡು 600 ಡಿಗ್ರಿ ಕಾದರೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಬಿರುಕಿನ ಜಾಗವನ್ನು ಮಾತ್ರ ಕೆಂಪಗೆ ಕಾಯಿಸಿದಾಗ ಅದು ಬೆಳೆಯಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಭಾಗ ಬಿಡುವುದಿಲ್ಲ. ತಣಿಯುವಾಗ ಅದೇ ಜಾಗ ಕುಗ್ಗಲು ನೋಡುತ್ತದೆ, ಆಗಲೂ ಸುತ್ತಲಿನ ಭಾಗ ಬಿಡುವುದಿಲ್ಲ. ಉಕ್ಕಾಗಿದ್ದರೆ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತಿತ್ತು. ಬೀಡು ಬಾಗುವುದಿಲ್ಲ, ಬಿರಿಯುತ್ತದೆ.

ಇನ್ನೊಂದು ತೊಂದರೆಯೂ ಇದೆ. ಕರಗಿದ ಬೀಡು ಬೇಗನೆ ತಣಿದರೆ ಅದರಲ್ಲಿರುವ ಇಂಗಾಲಕ್ಕೆ ಗ್ರಾಫೈಟಾಗಿ ಬೇರ್ಪಡಲು ಸಮಯ ಸಿಗುವುದಿಲ್ಲ. ಬೆಸುಗೆಯ ಅಂಚಿನಲ್ಲಿ ಗಾಜಿನಂತೆ ಗಡುಸಾದ, ಡ್ರಿಲ್ ಕೂಡ ಇಳಿಯದ ಬಿಳಿ ಬೀಡು ಉಂಟಾಗುತ್ತದೆ. ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ಬರಲು ಇದೂ ಒಂದು ಕಾರಣ. ಬೆಸುಗೆ ಮಾಡಿದ ಬೀಡಿಗೆ ನೀರು ಸುರಿದು ತಣಿಸುವವರನ್ನು ಕಂಡರೆ ಅಲ್ಲಿಂದ ನಿಮ್ಮ ಸಾಮಾನು ಎತ್ತಿಕೊಂಡು ಬರುವುದೇ ಒಳ್ಳೆಯದು.

ಮೊದಲು ಪರೀಕ್ಷೆ

ಒಡೆದ ಭಾಗ ಬೀಡೇ ಹೌದೇ ಎಂದು ತಿಳಿಯಲು ಒಂದು ಮೂಲೆಯನ್ನು ಚಾಣದಿಂದ ಸ್ವಲ್ಪ ಕೆತ್ತಿ ನೋಡಿರಿ. ಉಕ್ಕು ಸುರುಳಿಯಾಗಿ ಏಳುತ್ತದೆ, ಬೀಡು ಪುಡಿಪುಡಿಯಾಗಿ ಉದುರುತ್ತದೆ. ಸಾಣೆಕಲ್ಲಿಗೆ ಹಿಡಿದರೆ ಉಕ್ಕಿನ ಕಿಡಿಗಳು ಬೆಳ್ಳಗೆ ಉದ್ದವಾಗಿ ಹಾರುತ್ತವೆ. ಬೀಡಿನ ಕಿಡಿಗಳು ಮಂದ ಕೆಂಪು, ಗಿಡ್ಡ.

ಬಿರುಕು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಕಣ್ಣಳತೆಯಲ್ಲಿ ನಿರ್ಧರಿಸಬಾರದು. ಕಣ್ಣಿಗೆ ಕಾಣುವುದಕ್ಕಿಂತ ಮುಂದಕ್ಕೂ ಅದು ಹೋಗಿರುತ್ತದೆ. ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೀರಲ್ಲವೇ? ಹಾಗೆಯೇ ಭಾಗವನ್ನು ಬಿಚ್ಚಿ, ಹಗ್ಗದಲ್ಲಿ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಸರಿಯಿದ್ದರೆ ಗಂಟೆಯ ನಾದ ಬರುತ್ತದೆ, ಬಿರುಕಿದ್ದರೆ ಸದ್ದು ಬೋದು. ನಂತರ ಆ ಜಾಗವನ್ನು ಚೊಕ್ಕಟ ಮಾಡಿ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಅರ್ಧ ಗಂಟೆ ಬಿಡಿರಿ. ಮೇಲ್ಮೈಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಬಿಳಿ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆಯ ಎರಡೂ ತುದಿಗಳನ್ನು ಗುರುತು ಮಾಡಿಕೊಳ್ಳಿರಿ.

ಯಾವ ವಿಧಾನದ ಬೆಸುಗೆಯೇ ಆಗಲಿ, ಗುರುತು ಮಾಡಿದ ತುದಿಗಿಂತ ತುಸು ಮುಂದೆ 3 ಮಿ.ಮೀ. ಅಳತೆಯ ಸಣ್ಣ ತೂತು ಕೊರೆಯಬೇಕು. ಬಿರುಕಿನ ಚೂಪಾದ ತುದಿಯಲ್ಲಿ ಎಳೆತವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ಗುಂಡನೆಯ ತೂತು ಅದನ್ನು ಹಂಚಿ ಬಿರುಕಿನ ಓಟವನ್ನು ತಡೆಯುತ್ತದೆ. ಐದು ನಿಮಿಷದ ಈ ಕೆಲಸವನ್ನು ಅವಸರದಲ್ಲಿ ಬಿಟ್ಟುಬಿಡುವುದೇ ಹೆಚ್ಚು. ನೀವು ನಿಂತು ಮಾಡಿಸಿರಿ.

ಹಿತ್ತಾಳೆ ಬೆಸುಗೆ

ನಮ್ಮ ಸದಸ್ಯರ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಗ್ಯಾಸ್ ಜ್ವಾಲೆಯಿಂದ ಮಾಡುವ ಹಿತ್ತಾಳೆ ಬೆಸುಗೆ ಎಂದೇ ನಮ್ಮ ಅಭಿಪ್ರಾಯ. ಅಂಗಡಿಗಳಲ್ಲಿ ಇದನ್ನು ಬ್ರೇಜಿಂಗ್ ಎನ್ನುತ್ತಾರೆ. ಇದರಲ್ಲಿ ಬೀಡನ್ನು ಕರಗಿಸುವುದಿಲ್ಲ. ಹಿತ್ತಾಳೆಯ ಕಡ್ಡಿ ಸುಮಾರು 900 ಡಿಗ್ರಿಯಲ್ಲಿ ಕರಗುತ್ತದೆ. ಬೀಡು ಕೆಂಪಗಾದರೆ ಸಾಕು, ಹಿತ್ತಾಳೆ ಅದರ ಮೇಲೆ ಹರಡಿ ಕಚ್ಚಿಕೊಳ್ಳುತ್ತದೆ. ಬೀಡು ಕರಗದಿರುವುದರಿಂದ ಗಡುಸಾದ ಬಿಳಿ ಬೀಡಿನ ಕಾಟ ಬಹಳ ಕಡಿಮೆ. ಹಿತ್ತಾಳೆ ಮೃದುವಾದ್ದರಿಂದ ತಣಿಯುವಾಗ ತಾನೇ ಸ್ವಲ್ಪ ಹಿಗ್ಗಿ ಎಳೆತವನ್ನು ನುಂಗಿಕೊಳ್ಳುತ್ತದೆ. ಆಮೇಲೆ ಡ್ರಿಲ್ ಮಾಡಬಹುದು, ಅರ ಹಾಕಬಹುದು.

ಕೆಲಸದ ಕ್ರಮ ಹೀಗಿರಬೇಕು. ಬಿರುಕಿನ ಉದ್ದಕ್ಕೂ ಅಗಲವಾದ 'ವಿ' ಆಕಾರದ ಕಾಲುವೆ ತೆಗೆಯಬೇಕು. ಹಿತ್ತಾಳೆ ಹಿಡಿಯುವುದು ಮೇಲ್ಮೈಯನ್ನು ಆದ್ದರಿಂದ ಕಾಲುವೆ ಅಗಲವಿದ್ದಷ್ಟೂ ಹಿಡಿತ ಹೆಚ್ಚು. ಕಾಲುವೆಯನ್ನು ಸಾಣೆಯಿಂದ ತೆಗೆದರೂ ಕೊನೆಗೆ ಅರ ಅಥವಾ ಚಾಣದಿಂದ ಒಮ್ಮೆ ಕೆರೆಯಬೇಕು. ಸಾಣೆಕಲ್ಲು ಗ್ರಾಫೈಟನ್ನು ಮೇಲ್ಮೈಗೆಲ್ಲ ಮೆತ್ತಿಬಿಡುತ್ತದೆ. ಅದರ ಮೇಲೆ ಹಿತ್ತಾಳೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿಹೋಗುತ್ತದೆ. ಹಳೆಯ ಎಂಜಿನ್ ಮತ್ತು ಪಂಪುಗಳ ಬೀಡು ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಅಂತಹುದನ್ನು ಹೊಗೆ ನಿಲ್ಲುವವರೆಗೆ ನಿಧಾನವಾಗಿ ಕಾಯಿಸಿ, ಹೊರಬಂದ ಎಣ್ಣೆಯನ್ನು ಒರೆಸಿದ ಮೇಲೆಯೇ ಮುಂದಿನ ಕೆಲಸ.

ನಂತರ ಬಿರುಕಿನ ಜಾಗವೊಂದನ್ನೇ ಅಲ್ಲ, ಭಾಗವನ್ನೆಲ್ಲ ಸಮನಾಗಿ ಬಿಸಿ ಮಾಡಬೇಕು. ಊರಿನ ಕಮ್ಮಾರರ ಕುಲುಮೆ ಇದಕ್ಕೆ ಬಹಳ ಅನುಕೂಲ. ಬಿಸಿಯಾದ ಮೇಲೆ ಬಿಳಿಗಾರ ಸೇರಿದ ಪುಡಿಯನ್ನು ಹಾಕಿ, ಮೊದಲು ಕಾಲುವೆಯ ಮೈಗೆಲ್ಲ ಹಿತ್ತಾಳೆಯ ತೆಳು ಪದರ ಬಳಿದು, ಪಾತ್ರೆಗೆ ಕಲಾಯಿ ಹಾಕಿದ ಹಾಗೆ, ಆಮೇಲೆ ತುಂಬಿಸುತ್ತಾ ಬರಬೇಕು. ಮುಗಿದ ತಕ್ಷಣ ಇಡೀ ಭಾಗವನ್ನು ಒಣಗಿದ ಬೂದಿ, ಸುಣ್ಣದ ಪುಡಿ ಅಥವಾ ಒಣ ಮರಳಿನಲ್ಲಿ ಹೂತು ಮಾರನೆಯ ದಿನದವರೆಗೆ ಮುಟ್ಟದೆ ಬಿಡಬೇಕು. ಸಂಜೆಯೇ ಬೇಕು ಎಂದು ಅವಸರಪಡಿಸುವವರು ನಾವೇ. ಆ ಅವಸರಕ್ಕೆ ಎರಡನೆಯ ಬಾರಿ ಹಣ ಕೊಡುವವರೂ ನಾವೇ.

ಹಿತ್ತಾಳೆ ಬೆಸುಗೆಗೆ ಮಿತಿಗಳಿವೆ. ಸುಮಾರು 250 ಡಿಗ್ರಿ ದಾಟಿದರೆ ಅದರ ಬಲ ಕುಗ್ಗುವುದರಿಂದ ಎಂಜಿನ್ನಿನ ಹೊಗೆ ಕೊಳವೆಯ ಬೀಡಿಗೆ ಇದು ಆಗದು. ಒಮ್ಮೆ ಹಿತ್ತಾಳೆ ಹಾಕಿದ ಜಾಗಕ್ಕೆ ಮುಂದೆ ವಿದ್ಯುತ್ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಹಾಲು ತಾಗುವ ಯಾವ ಸಾಮಾನಿಗೂ ಹಿತ್ತಾಳೆ ಬೆಸುಗೆ ಮಾಡಿಸಬೇಡಿರಿ. ತಾಮ್ರದ ಅಂಶ ಹಾಲಿಗೆ ಸೇರಿದರೆ ಕೊಬ್ಬು ಕೆಟ್ಟು ಹಾಲಿಗೆ ಕಮಟು ವಾಸನೆ ಬರುತ್ತದೆ. ಹಿತ್ತಾಳೆಯಲ್ಲಿರುವ ಸತು ಆವಿಯಾಗಿ ಬಿಳಿಹೊಗೆ ಏಳುವುದರಿಂದ ಗಾಳಿಯಾಡುವ ಜಾಗದಲ್ಲಿಯೇ ಕೆಲಸ ಮಾಡಿಸಿರಿ. ಈ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸತುವಿನ ಹೊಗೆ ಏನೂ ಮಾಡುವುದಿಲ್ಲ ಎಂಬ ನಂಬಿಕೆ ವೆಲ್ಡಿಂಗ್ ಅಂಗಡಿಗಳಲ್ಲಿದೆ. ಹಾಲು ಉತ್ಪಾದಕರಾದ ನಮಗೆ ಕೇಳಲು ಇದು ಹಿತವೇ, ಆದರೂ ನಿಜ ಹೇಳಬೇಕು: ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಒಂದಕ್ಕೆ ಇನ್ನೊಂದು ಮದ್ದಲ್ಲ.

ವಿದ್ಯುತ್ ಬೆಸುಗೆ ಮಾಡಲೇಬೇಕಾದರೆ

ದೊಡ್ಡ ಎಂಜಿನ್ ಬ್ಲಾಕಿನಂತಹ ಭಾಗವನ್ನು ಪೂರ್ತಿ ಬಿಚ್ಚಿ ಕಾಯಿಸಲು ಆಗದಿದ್ದಾಗ ನಿಕ್ಕಲ್ ಕಡ್ಡಿಯಿಂದ ವಿದ್ಯುತ್ ಬೆಸುಗೆ ಮಾಡಿಸಬಹುದು. ಬೀಡಿಗೆಂದೇ ಬರುವ ಈ ಕಡ್ಡಿಗಳು ಎರಡು ಬಗೆ. ಒಂದು ಬಹುತೇಕ ಪೂರ್ತಿ ನಿಕ್ಕಲ್, ಇನ್ನೊಂದು ಅರ್ಧಕ್ಕಿಂತ ತುಸು ಹೆಚ್ಚು ನಿಕ್ಕಲ್, ಉಳಿದದ್ದು ಕಬ್ಬಿಣ. ಸಾಮಾನ್ಯ ಕಡ್ಡಿಗಿಂತ ಬೆಲೆ ಬಹಳ ಹೆಚ್ಚು. ಆದರೆ ಈ ಬೆಸುಗೆ ಮೃದುವಾಗಿ ಉಳಿಯುವುದರಿಂದ ಕೊಟ್ಟ ಹಣಕ್ಕೆ ಮೋಸವಿಲ್ಲ.

ಇಲ್ಲಿ ಕ್ರಮ ಹಿತ್ತಾಳೆ ಬೆಸುಗೆಗೆ ತದ್ವಿರುದ್ಧ. ಎಲ್ಲವನ್ನೂ ಕಾಯಿಸುವ ಬದಲು ಎಲ್ಲವೂ ತಣ್ಣಗಿರುವಂತೆ ನೋಡಿಕೊಳ್ಳಬೇಕು. ಕಡಿಮೆ ಕರೆಂಟಿನಲ್ಲಿ ಒಂದು ಸಲಕ್ಕೆ ಒಂದು ಅಂಗುಲ ಮಾತ್ರ ಬೆಸುಗೆ ಹಾಕಿ, ಬಿಸಿಯಿರುವಾಗಲೇ ಗುಂಡು ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಬಡಿದಾಗ ಬೆಸುಗೆ ಹಿಗ್ಗಿ, ಕುಗ್ಗುವಾಗಿನ ಎಳೆತ ಕಡಿಮೆಯಾಗುತ್ತದೆ. ಪಕ್ಕದ ಬೀಡನ್ನು ಬರಿಗೈಯಿಂದ ಮುಟ್ಟಿ ಹಿಡಿಯುವಷ್ಟು ತಣಿದ ಮೇಲೆಯೇ ಮುಂದಿನ ಅಂಗುಲ, ಅದೂ ಬೇರೆ ಜಾಗದಲ್ಲಿ. ಆರು ಅಂಗುಲದ ಬಿರುಕಿಗೆ ಅರ್ಧ ದಿನ ಹಿಡಿದರೆ ಆಶ್ಚರ್ಯವಿಲ್ಲ. ಹತ್ತು ನಿಮಿಷದಲ್ಲಿ ಮುಗಿಸಿ ಕೊಡುತ್ತೇನೆ ಎನ್ನುವವರಿಗೆ ಎಂಜಿನ್ ಬ್ಲಾಕು ಒಪ್ಪಿಸಬೇಡಿರಿ.

ಬೆಸುಗೆ ಇಲ್ಲದೆಯೂ ದಾರಿಯಿದೆ. ಎಂಜಿನ್ನಿನ ನೀರಿನ ಕೋಣೆಯ ಹೊರಗೋಡೆ ಬಿರಿದು ನೀರು ಜಿನುಗುತ್ತಿದ್ದರೆ, ಅಲ್ಲಿ ಹೆಚ್ಚಿನ ಒತ್ತಡವಿಲ್ಲದ ಕಾರಣ ತುದಿಗಳಿಗೆ ತೂತು ಕೊರೆದು, ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟನ್ನು ತುಂಬಿ, ಮೇಲೆ ತಗಡಿನ ಪಟ್ಟಿಯನ್ನು ಸಣ್ಣ ಬೋಲ್ಟುಗಳಿಂದ ಬಿಗಿದರೆ ಎಷ್ಟೋ ವರ್ಷ ನಡೆಯುತ್ತದೆ. ಬಿರುಕಿನ ಅಡ್ಡಕ್ಕೆ ಕಾಲುವೆ ತೋಡಿ ಲೋಹದ ಬೀಗಗಳನ್ನು ಬಡಿದು ಕೂರಿಸುವ 'ಮೆಟಲ್ ಸ್ಟಿಚಿಂಗ್' ಎಂಬ ವಿಧಾನವೂ ಇದೆ. ಅದಕ್ಕೆ ನುರಿತವರೇ ಬೇಕು, ಶಾಖದ ತೊಂದರೆ ಮಾತ್ರ ಇಲ್ಲವೇ ಇಲ್ಲ.

ಹಾಗೆಯೇ, ಒಡೆದದ್ದು ಏಕೆ ಎಂದು ನೋಡದೆ ಬೆಸುಗೆ ಮಾಡಿಸಿ ಫಲವಿಲ್ಲ. ನೀರಿಲ್ಲದೆ ಕಾದು ನಿಂತ ಎಂಜಿನ್ನಿಗೆ ಗಾಬರಿಯಿಂದ ತಣ್ಣೀರು ಸುರಿದಾಗ ಹೆಡ್ಡು ಬಿರಿಯುತ್ತದೆ. ಪೈಪಿಗೆ ಆಧಾರ ಕೊಡದೆ ಅದರ ಭಾರವನ್ನೆಲ್ಲ ಪಂಪಿನ ಮೇಲೆ ಬಿಟ್ಟರೆ ಪಂಪಿನ ಕುತ್ತಿಗೆ ಬಿರಿಯುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯದೆ ಒಂದೇ ಕಡೆ ಪೂರ್ತಿ ಬಿಗಿದರೂ ಅಷ್ಟೇ.

ಮೇವು ಕತ್ತರಿಸುವ ಯಂತ್ರದ ಚಕ್ರ

ಪಂಪಿನ ಮೈ, ಯಂತ್ರದ ಕಾಲು, ಹಿಡಿಕೆ, ಮೇವು ಹಾಕುವ ಬಾಯಿಯ ಚೌಕಟ್ಟು ಇವುಗಳ ಬೆಸುಗೆ ಕೈಕೊಟ್ಟರೆ ಹಣ ನಷ್ಟ, ಒಂದು ದಿನ ನಷ್ಟ. ಚಕ್ರದ ವಿಷಯ ಹಾಗಲ್ಲ.

ಬ್ಲೇಡು ಹೊತ್ತಿರುವ ಈ ಚಕ್ರ ಸಾಮಾನ್ಯವಾಗಿ ಬಿರುಕು ಬಿಡುವುದು ಎರಡು ಕಡೆ. ಒಂದು, ನಡುವಿನ ಗುಂಬದಿಂದ ತೋಳುಗಳು ಹೊರಡುವ ಮೂಲೆಯಲ್ಲಿ. ಇನ್ನೊಂದು, ಬ್ಲೇಡಿನ ಬೋಲ್ಟು ಹೋಗುವ ತೂತಿನ ಅಂಚಿನಲ್ಲಿ. ಕೀಲನ್ನು ಅತಿಯಾಗಿ ಬಡಿದು ಕೂರಿಸಿದರೆ ಮೊದಲನೆಯದು. ಸಡಿಲ ಬ್ಲೇಡು, ಮೇವಿನೊಳಗೆ ಬಂದ ಕಲ್ಲು ಅಥವಾ ಕಬ್ಬಿಣದ ಚೂರು ಇವುಗಳಿಂದ ಎರಡನೆಯದು. ಈ ಎರಡೂ ಕಡೆ ಬಿರುಕು ಕಂಡರೆ ಬೆಸುಗೆ ಬೇಡ. ಹಿತ್ತಾಳೆಯೂ ಬೇಡ, ನಿಕ್ಕಲ್ಲೂ ಬೇಡ. ಚಕ್ರವನ್ನೇ ಬದಲಿಸಿರಿ.

ಲೆಕ್ಕ ಹಾಕಿ ನೋಡಿರಿ. ಒಂದು ಮೀಟರ್ ಅಡ್ಡಳತೆಯ ಚಕ್ರ ನಿಮಿಷಕ್ಕೆ 200 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 10 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಬೀಡಿನ ತುಂಡೊಂದು ಬ್ಲೇಡಿನ ಸಮೇತ ಕಿತ್ತುಬಂದರೆ ಮೇವು ಕೊಡುತ್ತಾ ನಿಂತವರಿಗೆ ಪಕ್ಕಕ್ಕೆ ಸರಿಯುವ ಸಮಯವೂ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಆ ಜಾಗದಲ್ಲಿ ನಿಲ್ಲುವವರು ಹೆಚ್ಚಾಗಿ ಹೆಣ್ಣುಮಕ್ಕಳು.

ಕೈಯಿಂದ ತಿರುಗಿಸುವ ಹಳೆಯ ಯಂತ್ರಕ್ಕೆ ಮೋಟಾರು ಜೋಡಿಸಿಕೊಂಡಿರುವ ಸದಸ್ಯರು ಇದನ್ನು ಇನ್ನಷ್ಟು ಗಮನವಿಟ್ಟು ಓದಬೇಕು. ತಿರುಗುವ ಚಕ್ರದೊಳಗಿನ ಎಳೆತ ವೇಗದಷ್ಟೇ ಹೆಚ್ಚುವುದಿಲ್ಲ, ವೇಗದ ವರ್ಗದಷ್ಟು ಹೆಚ್ಚುತ್ತದೆ. ಕೈಯಲ್ಲಿ ನಿಮಿಷಕ್ಕೆ 40 ಸುತ್ತು ತಿರುಗುತ್ತಿದ್ದ ಚಕ್ರ ಮೋಟಾರಿನಿಂದ 200 ಸುತ್ತು ತಿರುಗಿದರೆ ವೇಗ ಐದು ಪಟ್ಟು, ಎಳೆತ ಇಪ್ಪತ್ತೈದು ಪಟ್ಟು. ಕೈಯಲ್ಲಿ ತಿರುಗಿಸುವಾಗ ಇಪ್ಪತ್ತು ವರ್ಷ ಬಾಳಿದ ಚಕ್ರ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಮೋಟಾರು ಜೋಡಿಸುವ ಮುನ್ನ ಸೀಮೆಎಣ್ಣೆ ಮತ್ತು ಸೀಮೆಸುಣ್ಣದ ಪರೀಕ್ಷೆಯನ್ನು ಗುಂಬದ ಸುತ್ತ, ಪ್ರತಿ ಬೋಲ್ಟಿನ ತೂತಿನ ಸುತ್ತ ಮಾಡಿರಿ; ಆಮೇಲೆ ಬ್ಲೇಡು ಸಾಣೆಗೆ ಬಿಚ್ಚಿದಾಗಲೆಲ್ಲ ಮಾಡಿರಿ. ಚಕ್ರಕ್ಕೆ ತಗಡಿನ ಮುಚ್ಚಳ ಇರಲೇಬೇಕು.

ಹಳೆಯ ಯಂತ್ರಕ್ಕೆ ಬಿಡಿ ಚಕ್ರ ಸಿಗುವುದಿಲ್ಲ ಎನ್ನುವವರಿದ್ದಾರೆ. ಅಂಥವರು ಒಡೆದ ಚಕ್ರವನ್ನು ಗುಜರಿಗೆ ಹಾಕುವ ಮೊದಲು ಎರಕದ ಕಾರ್ಖಾನೆಯಲ್ಲಿ ವಿಚಾರಿಸಿರಿ. ಬೆಳಗಾವಿ, ಶಿವಮೊಗ್ಗ ಕಡೆಗಳಲ್ಲಿ ಇಂತಹ ಕಾರ್ಖಾನೆಗಳಿವೆ. ಹಳೆಯದನ್ನೇ ಮಾದರಿಯಾಗಿಟ್ಟು ಹೊಸದನ್ನು ಹೊಯ್ಯಬಹುದು. ಒಂದು ಮಾತು ನೆನಪಿರಲಿ: ಕರಗಿದ ಬೀಡು ತಣಿಯುವಾಗ ಅಡಿಗೆ ಅಂಗುಲದ ಎಂಟನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಆದ್ದರಿಂದ ಹಳೆಯ ಚಕ್ರದ ಅಚ್ಚಿನಲ್ಲಿ ಹೊಯ್ದ ಹೊಸದು ತುಸು ಚಿಕ್ಕದಾಗುತ್ತದೆ. ಬ್ಲೇಡಿನ ತೂತುಗಳನ್ನು ಎರಕದಲ್ಲಿ ಬಿಡದೆ, ಆಮೇಲೆ ಯಂತ್ರಕ್ಕೆ ಅಳತೆಯಿಟ್ಟು ಕೊರೆಯಿಸಬೇಕು.

ಕೊಟ್ಟಿಗೆಯ ಬಳಿ ಬೆಸುಗೆ ಮಾಡಿಸುವಾಗ

ವೆಲ್ಡಿಂಗ್ ಯಂತ್ರವನ್ನು ಮನೆ ಬಾಗಿಲಿಗೇ ತಂದು ಕೆಲಸ ಮಾಡಿಕೊಡುವವರು ಬಂದಾಗ ರಾಸುಗಳನ್ನು ದೂರ ಕಟ್ಟಿರಿ. ಬೆಸುಗೆಯ ಅರ್ಥ್ ಕ್ಲಾಂಪನ್ನು ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೋ ಗೋದಲಿಯ ಪೈಪಿಗೋ ಹಾಕಲು ಬಿಡಬೇಡಿರಿ. ಮನುಷ್ಯರಿಗೆ ಗೊತ್ತಾಗದಷ್ಟು ಸಣ್ಣ ವಿದ್ಯುತ್ತೂ ಹಸುವಿಗೆ ತಟ್ಟುತ್ತದೆ. ಕ್ಲಾಂಪು ಬೆಸುಗೆಯಾಗುವ ಭಾಗಕ್ಕೇ, ಬಿರುಕಿಗೆ ಆದಷ್ಟು ಹತ್ತಿರ ಇರಬೇಕು. ದೂರದಲ್ಲಿ ಹಾಕಿದರೆ ವಿದ್ಯುತ್ತು ಬೇರಿಂಗಿನ ಮೂಲಕ ಹರಿದು ಅದನ್ನು ಸುಡುತ್ತದೆ. ಕಿಡಿಗಳು ಮೂವತ್ತು ನಲವತ್ತು ಅಡಿ ದೂರ ಹಾರಬಲ್ಲವು. ಹುಲ್ಲಿನ ಬಣವೆ ಅದಕ್ಕಿಂತ ದೂರವಿರಲಿ, ಒಂದು ಬಕೆಟ್ ನೀರು ಹತ್ತಿರವಿರಲಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲಿಯೇ ಒಬ್ಬರು ಕಾವಲಿರಲಿ.

ಕೆಲಸದವರು ಹೊರಟ ಮೇಲೆ ನೆಲವನ್ನು ಚೆನ್ನಾಗಿ ಗುಡಿಸಿರಿ. ಉಳಿದ ಕಡ್ಡಿಯ ತುಂಡು, ಕತ್ತರಿಸಿದ ತಂತಿ, ಚೂಪಾದ ಲೋಹದ ಚೂರು ಮೇವಿನೊಡನೆ ಹೊಟ್ಟೆ ಸೇರುತ್ತವೆ. ಹಸು ನಾಲಿಗೆಯಿಂದ ಆರಿಸಿ ತಿನ್ನುವ ಪ್ರಾಣಿಯಲ್ಲ, ಬಾಚಿ ನುಂಗುತ್ತದೆ. ಎರಡನೆಯ ಹೊಟ್ಟೆಯಲ್ಲಿ ನಿಂತ ಚೂಪಾದ ಚೂರು ಗೋಡೆಯನ್ನು ಚುಚ್ಚಿ, ಮುಂದಿರುವ ಹೃದಯದ ಚೀಲವನ್ನೂ ತಲುಪಬಹುದು. ಮೇವು ಬಿಡುವುದು, ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ಮೊಣಕೈಯನ್ನು ಹೊರಕ್ಕೆ ಚಾಚಿ ನಡೆಯುವುದು ಇದರ ಲಕ್ಷಣಗಳು. ಬೆಸುಗೆ ಕೆಲಸ ನಡೆದ ಕೆಲವು ದಿನ ಅಥವಾ ವಾರಗಳಲ್ಲಿ ಇವು ಕಂಡರೆ ಪಶುವೈದ್ಯರಿಗೆ ಆ ಸಂಗತಿಯನ್ನು ತಪ್ಪದೆ ಹೇಳಿರಿ. ಒಂದು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ನೆಲದ ಮೇಲೆ ಎಳೆದರೆ ಪೊರಕೆಗೆ ಸಿಗದ ಉಕ್ಕಿನ ಚೂರುಗಳೂ ಸಿಗುತ್ತವೆ. ಹಿತ್ತಾಳೆಯ ಚೂರುಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅವನ್ನು ಕಣ್ಣಿಟ್ಟು ಆರಿಸಬೇಕು.